ನಿಧಾನ

ಸಂಸ್ಕೃತದಲ್ಲಿ ‘ಧಾ’ ಎಂಬುದು ಇಡುವುದು ಎಂಬರ್ಥದ ಧಾತು. ಅದಕ್ಕೆ ‘ನಿ’ ಎಂಬ ಉಪಸರ್ಗವು ಕೂಡಿದಾಗ ಒಳಗೆ ಇಡುವುದು, ಕಾಪಿಡುವುದು ಎಂಬ ಅರ್ಥವು ಉಂಟಾಗುವುದು. ನಿಧಿ, ನಿಧಾನ ಎಂಬೆರಡು ಶಬ್ದಗಳೂ ಇಲ್ಲಿಂದಲೇ ಹುಟ್ಟಿದವು. ನೆಲದ ಮರೆಯಲ್ಲಿರುವ ಧನಕ್ಕೆ ವಚನಕಾರರೂ ನಿಧಾನವೆಂದೇ ಹೇಳುವರು. ಆದರೆ ಕನ್ನಡಿಗರ ನಾಲಗೆಯಲ್ಲಿ ಅದೇ ಶಬ್ದವು ಸಾವಕಾಶ ಎಂಬ ಮತ್ತೊಂದರ್ಥವನ್ನೂ ಪಡೆದುಕೊಂಡಿತು. ಹೂತಿಟ್ಟ ಹೊನ್ನಿಗೂ ಅವಸರವಿಲ್ಲದ ನಡೆಗೂ ಒಂದೇ ಹೆಸರು ಹೇಗೆ ಬಂದಿತೆಂಬುದನ್ನು ನಿಘಂಟುಕಾರರು ತೀರ್ಮಾನಿಸಲಿ. ಹುಡುಕುವವನಿಗೆ ಮಾತ್ರ ಈ ಎರಡರ್ಥಗಳೂ ಒಟ್ಟಿಗೇ ಬೇಕು.

ಈಚಿನ ಕಾಲದಲ್ಲಿ ಲೋಕದ ನಾನಾ ದೇಶಗಳ ಜನರು ಒಂದು ಹುಡುಕಾಟದ ಆಟವನ್ನು ಆಡುತ್ತಿದ್ದಾರೆ. ಅದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ‘ಜಿಯೋ’ ಎಂಬುದು ಭೂಮಿಯೆಂಬರ್ಥದ ಗ್ರೀಕ್ ಮಾತು. ‘ಕ್ಯಾಶ್’ ಎಂದರೆ ಬಚ್ಚಿಟ್ಟದ್ದು, ಅದು ಫ್ರೆಂಚರದು. ಅಂಗಡಿಯ ಗಲ್ಲೆಯಲ್ಲಿರುವ ಕ್ಯಾಶಿಗೂ ಇದಕ್ಕೂ ಗಂಟುಹಾಕಬಾರದು. ಒಬ್ಬನು ಒಂದು ಡಬ್ಬಿಯನ್ನು ಬೆಟ್ಟದ ಬಂಡೆಯ ಸಂದಿಯಲ್ಲಿಯೋ ಮರದ ಪೊಟರೆಯಲ್ಲಿಯೋ ಅಡಗಿಸಿಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವನು. ಕಂಡರಿಯದ ಯಾರೋ ಒಬ್ಬರು ಅದನ್ನು ಅರಸಿಕೊಂಡು ಹೊರಡುವರು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಕೈಯಲ್ಲಿರುವ ಯಂತ್ರವು ಅವರಿಗೆ ದಾರಿ ತೋರುವುದು. ನಾಲ್ಕು ಉಪಗ್ರಹಗಳಾದರೂ ಕಂಡರೆ ಸ್ಥಾನವು ನಿರ್ಣಯವಾಗುವುದು. ಮೊದಲು ಅಮೆರಿಕದ ಸರಕಾರವು ಜನಸಾಮಾನ್ಯರ ಯಂತ್ರಗಳಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದುದರಿಂದ ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. 2000ನೆಯ ಇಸವಿಯ ಮೇ ತಿಂಗಳ ಮೊದಲಲ್ಲಿ ಆ ಮಸುಕನ್ನು ತೆಗೆದುಹಾಕಲಾಯಿತು. ಮರುದಿನವೇ, ಮೇ 3ರಂದು, ಓರೆಗಾನ್ ಪ್ರಾಂತದ ಬೀವರ್‌ಕ್ರೀಕ್ ಎಂಬಲ್ಲಿ ಡೇವ್ ಅಲ್ಮರ್ ಎಂಬಾತನು ಒಂದು ಬಕೀಟನ್ನು ಕಾಡಿನಲ್ಲಿ ಅಡಗಿಸಿಟ್ಟನು. ಮೂರು ದಿನಗಳೊಳಗೆ ಎರಡು ಸಲ ಅದನ್ನು ಜನರು ಕಂಡುಹಿಡಿದರು. ಅದರಲ್ಲಿದ್ದ ವಸ್ತುಗಳಲ್ಲಿ ಒಂದು ಅವರೆಕಾಳಿನಂಥ ಬೇಯಿಸಿದ ಕಾಳಿನ ಡಬ್ಬವಂತೆ, ಇನ್ನೊಂದು ಕವಣೆ.

ಔರಾದ ಸೀಮೆಯ ಡಾಬಕಾದಿಂದ ದುಡಿಮೆಗೆಂದು ದೂರದ ನಗರವನ್ನು ಸೇರಿದ ಒಬ್ಬ ತರುಣನು ಸಂಗಡಿಗರೊಡನೆ ಇಂತಹ ಡಬ್ಬಿಯನ್ನು ಅರಸುತ್ತ ಕಡಿದಾದ ಕಲ್ಲುಬೆಟ್ಟವನ್ನು ಏರಿದನೆಂದು ಇಟ್ಟುಕೊಳ್ಳಬಹುದು. ಕರಿಮಣ್ಣಿನ ಹೊಲಗಳ ನಡುವೆ ಬೆಳೆದವನಿಗೆ ಇಂತಹ ಏರು ಹೊಸದು. ಬಯಲಿನಲ್ಲಿ ಯಂತ್ರವು ಹೇಳಿದಂತೆ ನಡೆದರೆ ಸಾಕು. ಐದಾರು ಮೀಟರಿನ ಅಂತರಕ್ಕೆ ಅದು ಕರೆದೊಯ್ಯುವುದು. ಬಂಡೆಗಳ ನಡುವೆ ಹಾಗಲ್ಲ. ಒಂದು ಪಕ್ಕದಲ್ಲಿ ಬೆಟ್ಟವೇ ಆಕಾಶದ ಅರ್ಧವನ್ನು ಮುಚ್ಚಿರುವುದು. ಸಂಕೇತವು ಬಂಡೆಯ ಮೈಗೆ ತಾಗಿ ತಿರುಗಿ ಬರುವುದು. ಯಂತ್ರವು ಒಮ್ಮೆ ಎಡಕ್ಕೆ ಎನ್ನುವುದು, ಮರುಗಳಿಗೆ ಬಲಕ್ಕೆ ಎನ್ನುವುದು. ಆಗ ಸಂಗಡಿಗರಲ್ಲಿ ಆತುರದವರು ಬಾಣದ ಗುರುತು ತಿರುಗಿದತ್ತೆಲ್ಲ ತಾವೂ ತಿರುಗಿ, ಕಂಡ ಕಲ್ಲನ್ನೆಲ್ಲ ಉರುಳಿಸಿ, ಮೊಣಕಾಲು ತರಚಿಕೊಂಡು, ಇಲ್ಲಿ ಏನೂ ಇಲ್ಲವೆಂದು ಹಿಂದಿರುಗುವರು. ಬಲ್ಲವನು ಯಂತ್ರವನ್ನು ಜೇಬಿಗೆ ಹಾಕಿಕೊಂಡು ಒಂದು ಕಡೆ ಕುಳಿತುಕೊಳ್ಳುವನು. ಬಚ್ಚಿಟ್ಟವನೂ ತನ್ನಂತೆಯೇ ಏದುಸಿರು ಬಿಡುತ್ತ ಇಲ್ಲಿಗೆ ಬಂದವನು. ಅವನ ಕೈ ಎಲ್ಲಿಯವರೆಗೆ ಎಟುಕೀತು, ಎಲ್ಲಿ ನಿಂತರೆ ಅವನ ಕಾಲು ಜಾರದಿದ್ದೀತು ಎಂದು ಯೋಚಿಸುವನು. ಮಳೆಗಾಳಿಗೆ ಬಿದ್ದ ಕಲ್ಲುಗಳು ಹೇಗೆ ಹೇಗೋ ಒರಗಿರುವವು. ಮನುಷ್ಯನು ಇಟ್ಟ ಕಲ್ಲಿಗೆ ಮಾತ್ರ ಒಂದು ಒಪ್ಪವಿರುವುದು. ಆ ಒಪ್ಪವನ್ನು ಕಂಡ ಮೇಲೆಯೂ ಅವನು ಸಂದಿಯೊಳಗೆ ಥಟ್ಟನೆ ಕೈಹಾಕನು. ಮೊದಲು ಕೋಲಿನಿಂದ ಕೆದಕಿ ನೋಡುವನು, ಚೇಳು ಹಾವುಗಳಿಗೂ ಅದೇ ಸಂದಿಯು ಮನೆಯಾಗಿರುವುದರಿಂದ.

ಯಂತ್ರವು ಸುಳ್ಳಲ್ಲ. ಅದಿಲ್ಲದಿದ್ದರೆ ಆ ತರುಣನು ಆ ಬೆಟ್ಟದ ಹೆಸರನ್ನೂ ಕೇಳುತ್ತಿರಲಿಲ್ಲ. ಆದರೆ ಕೊನೆಯ ಹತ್ತು ಹೆಜ್ಜೆಗಳು ಅವನ ಕಣ್ಣಿಗೆ ಬಿಟ್ಟವು. ಗುರುವಾಕ್ಯವೂ ಶಾಸ್ತ್ರವೂ ಸಾಧಕನನ್ನು ಕರೆದುಕೊಂಡು ಬಂದು ನಿಲ್ಲಿಸುವ ಸ್ಥಳವು ಇಂತಹದೇ. ಅಲ್ಲಿಂದ ಮುಂದಿನದಕ್ಕೆ ಶರಣರು ಅನುಭಾವವೆಂದು ಹೆಸರಿಟ್ಟರು. ಇದು ಶಾಸ್ತ್ರನಿಂದೆಯಲ್ಲ.

ಕಡೆಗೆ ಡಬ್ಬಿಯು ಸಿಕ್ಕಿತು. ಅದರಲ್ಲಿ ಏನಿದೆ? ಒಂದು ಚಿಕ್ಕ ಪುಸ್ತಕ. ತನಗಿಂತ ಮೊದಲು ಅಲ್ಲಿಗೆ ಹತ್ತಿ ಬಂದವರ ಹೆಸರುಗಳು, ದಿನಾಂಕಗಳು. ಕೆಲವು ಡಬ್ಬಿಗಳಲ್ಲಿ ಮಕ್ಕಳ ಆಟಿಕೆಯಂತಹ ಅಲ್ಪ ವಸ್ತುಗಳೂ ಇರುವವು. ಒಂದನ್ನು ತೆಗೆದುಕೊಂಡವನು ಅಷ್ಟೇ ಬೆಲೆಯ ಇಲ್ಲವೆ ಹೆಚ್ಚಿನ ಬೆಲೆಯ ಇನ್ನೊಂದನ್ನು ಇಡತಕ್ಕದ್ದು. ಹೆಸರು ಬರೆದ ಮೇಲೆ ಡಬ್ಬಿಯನ್ನು ಮೊದಲಿದ್ದಂತೆಯೇ ಮುಚ್ಚಿ, ಮೊದಲಿದ್ದ ಸಂದಿಯಲ್ಲಿಯೇ ಇಟ್ಟು, ಕಲ್ಲನ್ನು ಮೊದಲಿದ್ದ ಹಾಗೆಯೇ ಒರಗಿಸಿ ಬರಬೇಕು. ನೆಲವನ್ನು ಅಗೆದು ಹೂಳಕೂಡದು. ಭೂಮಿಯ ಒಡೆಯನ ಒಪ್ಪಿಗೆಯಿಲ್ಲದೆ ಇಡಕೂಡದು. ಇಷ್ಟು ಶ್ರಮಪಟ್ಟು ಹತ್ತಿದವನು ಬರಿಗೈಯಲ್ಲಿ ಇಳಿಯುವನಲ್ಲಾ ಎಂದು ಸಂಸಾರಿಗಳು ನಗಬಹುದು. ಆದರೆ ಅವನು ಎತ್ತಿಕೊಂಡು ಬಂದಿದ್ದರೆ ಮುಂದೆ ಹತ್ತುವವನಿಗೆ ಆ ಬೆಟ್ಟವು ಬರಿ ಕಲ್ಲಾಗುತ್ತಿತ್ತು. ಕಂಡುಕೊಂಡುದನ್ನು ಇನ್ನೊಬ್ಬರು ಕಾಣುವಂತೆ ಬಿಟ್ಟುಬರುವುದು ಆಟದ ನಿಯಮವಾಗಿ ಎಷ್ಟು ಸುಲಭವಾಗಿ ಕೇಳಿಸುವುದೋ ಮನುಷ್ಯಸ್ವಭಾವಕ್ಕೆ ಅಷ್ಟೇ ಕಠಿನವಾದುದು.

ಕಠಿನವೆಂಬುದಕ್ಕೆ ನಮ್ಮ ನಾಡಿನಲ್ಲಿ ಸಾಕ್ಷಿಗಳು ಬೇಕಾದಷ್ಟಿವೆ. ನಿಧಿಯ ಆಸೆಗೆ ಬಿದ್ದವರು ಹಾಳುಗುಡಿಯ ನಂದಿಯನ್ನು ಕಿತ್ತು, ಲಿಂಗದ ಪೀಠವನ್ನು ಒಡೆದು, ಕಿಲ್ಲೆಯ ಗೋಡೆಯನ್ನು ಬಗೆದು ನೋಡುವರು. 2019ನೆಯ ಇಸವಿಯ ಜುಲೈ ತಿಂಗಳ ಒಂದು ರಾತ್ರಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ಇಂತಹವರೇ ಕೆಡವಿದರು. ಪುರಂದರದಾಸರ ಗುರುಗಳೆಂದು ಪ್ರಸಿದ್ಧರಾದ ಯತಿಗಳ ಸಮಾಧಿಯ ಕಲ್ಲುಗಳು ಚದುರಿಬಿದ್ದವು. ಭಕ್ತರು ಕೂಡಲೇ ಕೂಡಿ ಪುನಃ ಕಟ್ಟಿದರು. ಆದರೆ ಕೆಡವಿದ ಕೈಗಳಿಗೆ ಏನು ದೊರಕಿತು? ಹಳ್ಳಿಗಳಲ್ಲಿ ಅಂಜನ ಹಾಕಿ ನಿಧಿ ತೋರಿಸುವೆನೆಂದು ತಿರುಗುವ ಮೋಸಗಾರರೂ ಉಂಟು. ಅವರ ಮಾತನ್ನು ನಂಬಿ ಹೊಲವನ್ನು ಒತ್ತೆಯಿಟ್ಟು, ಹೆಂಡಿರ ಕೊರಳ ಒಡವೆಯನ್ನು ಮಾರಿ, ನಡುರಾತ್ರಿಯಲ್ಲಿ ಕೋಳಿ ಕುರಿಗಳ ಬಲಿಯಿತ್ತು ಕೆಟ್ಟ ಗೃಹಸ್ಥರು ಇದ್ದಾರೆ. ನೆಲದಲ್ಲಿ ದೊರೆತ ನಿಕ್ಷೇಪವನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯಿದೆಯು 1878ರಷ್ಟು ಹಿಂದೆಯೇ ಬಂದಿದೆ. ಹತ್ತು ರೂಪಾಯಿಗೆ ಮೀರಿದುದಾದರೆ ಬಚ್ಚಿಡುವಂತಿಲ್ಲವೆಂದು ಅದರ ವಿಧಿ. ಇನ್ನು ಅಂಜನದ ಮಾತು. ಗುರುವು ಕಣ್ಣಿಗೆ ಹಚ್ಚುವುದೂ ಅಂಜನವೇ. ಆದರೆ ಅದು ಇದ್ದುದನ್ನು ಕಾಣಿಸುವುದು, ಇಲ್ಲದ ಕೊಪ್ಪರಿಗೆಯನ್ನಲ್ಲ.

ಅಗೆತವೇ ಪಾಪವೆಂದಲ್ಲ. ಅಲ್ಲಮಪ್ರಭುದೇವರ ಕಥೆಯನ್ನು ಹರಿಹರನು ರಗಳೆಯಲ್ಲಿ ಹೇಳಿರುವುದು ಎಲ್ಲರಿಗೂ ಗೊತ್ತಿದೆ. ಪ್ರಿಯೆಯನ್ನು ಕಳೆದುಕೊಂಡು ವಿರಹದಿಂದ ಬೆಂದು ತಿರುಗುತ್ತಿದ್ದ ಅಲ್ಲಮನು ಒಂದು ತೋಟದಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಚಿನ್ನದ ಕಳಸವೊಂದರ ತುದಿಯು ಕಾಣಿಸಿತು. ಅಗೆಯಿಸಿದಂತೆ ನೆಲದೊಳಗೆ ಗುಡಿಯೇ ತೋರಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಸಿಕ್ಕಿದ್ದು ಚಿನ್ನ. ನಿಧಿಗಳ್ಳನಾಗಿದ್ದರೆ ಕಳಸವನ್ನು ಮುರಿದುಕೊಂಡು ಅಲ್ಲಿಂದಲೇ ಹಿಂದಿರುಗುತ್ತಿದ್ದನು, ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಮನು ಕಳಸವನ್ನು ಗುರುತೆಂದು ತಿಳಿದನು, ಧನವೆಂದು ತಿಳಿಯಲಿಲ್ಲ. ಬಾಗಿಲನ್ನು ತೆರೆದು ಒಳಹೊಕ್ಕನು. ಒಳಗೆ ಅನಿಮಿಷಯ್ಯನು ಕೈಯಲ್ಲಿ ಲಿಂಗವನ್ನು ಹಿಡಿದು ಕುಳಿತಿದ್ದನು. ಅನಿಮಿಷನೆಂದರೆ ಎವೆಯಿಕ್ಕದವನು, ನೋಟವೇ ಅವನ ಹೆಸರು. ಆ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ಅಲ್ಲಮನು ಅದನ್ನು ತನ್ನ ಸೊತ್ತೆಂದು ಎಲ್ಲಿಯೂ ಕೂಡಿಡಲಿಲ್ಲ. ನಾಡೆಲ್ಲ ಅಲೆದು, ಕಂಡಕಂಡವರನ್ನು ಎಚ್ಚರಿಸಿ, ಕಲ್ಯಾಣಕ್ಕೆ ಬಂದನು. ಕಲ್ಯಾಣದಲ್ಲಿಯೂ ಅವನು ಮಾಡಿದ್ದು ಹುಡುಕುವ ಕೆಲಸವನ್ನೇ. ಮಹಾಮನೆಯ ಪ್ರಸಾದಕುಂಡದ ಬಳಿ ಬಹುವರ್ಷ ಯಾರ ಲಕ್ಷ್ಯಕ್ಕೂ ಬಾರದಿದ್ದ ಮರುಳಶಂಕರದೇವರನ್ನು ಗುರುತಿಸಿ ತೋರಿದವನು ಅವನೇ ಎಂದು ಶೂನ್ಯಸಂಪಾದನೆಯು ಹೇಳುವುದು. ದಿನವೂ ಸಾವಿರಾರು ಜನ ಆ ಬಾಗಿಲಲ್ಲಿ ಓಡಾಡುತ್ತಿದ್ದರು.

ಓಡಾಡುವವರಿಗೆ ಕಾಣದಿರುವುದಕ್ಕೆ ಮರೆಯೇ ಬೇಕೆಂದಿಲ್ಲ. ಕೊಪ್ಪಳದ ಎರಡು ಕಲ್ಲುಬೆಟ್ಟಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಒಂದು ನಮ್ಮ ಗವಿಮಠದ ಬೆಟ್ಟ; ಇನ್ನೊಂದು ಪಾಲ್ಕಿಗುಂಡು, ಮೇಲೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಚಾಚಿಕೊಂಡ ಮಹಾಬಂಡೆಯಿರುವುದರಿಂದ ಆ ಹೆಸರು. ಈ ಎರಡೂ ಕಡೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಧರ್ಮಲಿಪಿಯು ಬಂಡೆಯ ಮೇಲೆ ಕೊರೆದಿದೆ. ಜನರು ಅಲ್ಲಿಗೆ ಹೋಗದಿರಲಿಲ್ಲ. ಪಾಲ್ಕಿಗುಂಡಿನ ಲಿಪಿಯ ಸಮೀಪದಲ್ಲಿಯೇ ಜೈನಕವಿ ಜಟಾಸಿಂಹನಂದಿಯ ಪಾದಗಳನ್ನು ಕೆತ್ತಿಸಿ, ಕೆತ್ತಿಸಿದಾತನ ಹೆಸರನ್ನು ಹಳಗನ್ನಡದಲ್ಲಿ ಬರೆದಿದ್ದಾರೆ. ಕೈಯಳತೆಯಲ್ಲಿದ್ದ ಬ್ರಾಹ್ಮಿಯ ಅಕ್ಷರಗಳು ಮಾತ್ರ ಗೀರುಗಳಂತೆ ಇದ್ದುಬಿಟ್ಟವು, ಓದಬಲ್ಲವರು ಉಳಿದಿರಲಿಲ್ಲವಾದುದರಿಂದ. ಆ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು 1837ರ ಹೊತ್ತಿಗೆ ಬಿಡಿಸಿದನು. 1915ರಲ್ಲಿ ಮಸ್ಕಿಯ ಬೆಟ್ಟದ ಶಾಸನವನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಅವನಿಗೆ ದೊರಕಿದ್ದು ಅಶೋಕನೆಂಬ ಹೆಸರನ್ನೇ ಹೊತ್ತ ಬಂಡೆ. ಕೊಪ್ಪಳದ ಎರಡು ಲಿಪಿಗಳನ್ನು 1931ರಲ್ಲಿ ಕಂಡುಹಿಡಿದವರು ಅದೇ ಊರಿನ ಎನ್. ಬಿ. ಶಾಸ್ತ್ರಿಗಳು. ಮರುವರ್ಷ ಟರ್ನರ್ ಎಂಬ ಪಂಡಿತನು ಅವನ್ನು ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಗ್ರಂಥಮಾಲೆಯಲ್ಲಿ ಪ್ರಕಟಿಸಿದನು. ಬಂಡೆಯು ಅಲ್ಲಿಯೇ ಉಳಿಯಿತು. ಓದು ಲೋಕಕ್ಕೆಲ್ಲ ಹೋಯಿತು.

ಆ ಲಿಪಿಯ ತಾತ್ಪರ್ಯವು ಗೃಹಸ್ಥರು ಲಕ್ಷ್ಯವಿಟ್ಟು ಕೇಳತಕ್ಕದ್ದು. ಚಕ್ರವರ್ತಿಯು ತಾನು ಎರಡು ವರ್ಷಗಳಿಗಿಂತ ಮೇಲ್ಪಟ್ಟು ಉಪಾಸಕನಾಗಿರುವೆನೆಂದೂ, ಮೊದಲಲ್ಲಿ ಹೆಚ್ಚಿನ ಪ್ರಯತ್ನವನ್ನು ಮಾಡಲಿಲ್ಲವೆಂದೂ, ಈಚೆಗೆ ಮಾತ್ರ ಚೆನ್ನಾಗಿ ಶ್ರಮಿಸಿರುವೆನೆಂದೂ ಹೇಳುವನು. ಉಪಾಸಕನೆಂದರೆ ಮನೆಯಲ್ಲಿದ್ದೇ ಧರ್ಮವನ್ನು ಹಿಡಿದವನು. ಇದರ ಫಲವು ದೊಡ್ಡವರಿಗೆ ಮಾತ್ರವೆಂದಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಾಧ್ಯವೆಂದು ಮುಂದೆ ಸಾರುವನು. ಮತವು ಬೇರೆ, ಕಾಲವು ಬೇರೆ. ಆದರೂ ಕಾಯಕದ ನೆಲೆಯಲ್ಲಿ ಹಿರಿಕಿರಿದನ್ನು ಅಳಿಸಿದ ಶರಣರು ಹುಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಇಂತಹ ಮಾತು ಈ ನಾಡಿನ ಕಲ್ಲಿನ ಮೇಲೆ ಇದ್ದಿತೆಂಬುದು ಸಂತೋಷದ ವಿಷಯ.

ಅದೇ ನಿಜಾಮ ಸಂಸ್ಥಾನದಲ್ಲಿ, ಸರಿಸುಮಾರು ಅದೇ ಕಾಲದಲ್ಲಿ, ಡಾಬಕಾದ ನೆರೆಯ ಸೀಮೆಯಲ್ಲಿ ಇನ್ನೊಂದು ಅಡಗಿಸುವ ಕೆಲಸ ನಡೆದಿತ್ತು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠದ ಪೀಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಸೀಮೆಯ ಕನ್ನಡವು ಅವರ ಹೆಸರಿನೊಡನೆ ಬೆರೆತಿತ್ತು. ಇದೂ ನಿಧಾನವೇ. ಬಚ್ಚಿಟ್ಟದ್ದು ತಮಗಾಗಿ ಅಲ್ಲ, ಹುಡುಕಿ ಬರುವ ಮಕ್ಕಳಿಗಾಗಿ.

ಇನ್ನು ಮನೆಯ ಮಾತು ಒಂದು ಉಳಿದಿದೆ. ಫ. ಗು. ಹಳಕಟ್ಟಿಯವರು ವಕೀಲಿಯ ಸಂಪಾದನೆಯನ್ನು ಬದಿಗಿಟ್ಟು ಊರೂರು ಅಲೆದು ತಾಳೆಯೋಲೆಯ ಕಟ್ಟುಗಳನ್ನು ಅರಸಿದಾಗ, ಎಷ್ಟೋ ಮನೆಗಳಲ್ಲಿ ಅವು ದೇವರ ಜಗಲಿಯ ಮೇಲೆ ವಿಭೂತಿ ಪತ್ರಿಗಳೊಡನೆ ಪೂಜೆಗೊಳ್ಳುತ್ತಿದ್ದವು. ಪೂಜಿಸುವವರು ಬಿಚ್ಚಿ ಓದುತ್ತಿರಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಅಚ್ಚಾಗಿ ಹೊರಬಂದ ಮೇಲೆ, ಜಗಲಿಯ ಮೇಲಿದ್ದುದು ಏನೆಂಬುದು ಎಷ್ಟೋ ಮನೆತನದವರಿಗೆ ತಿಳಿಯಿತು. ಇಂದಿಗೂ ಅಟ್ಟದ ಮೇಲೆ, ಹಿರಿಯರ ಪೆಟ್ಟಿಗೆಯ ತಳದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಇದ್ದರೆ ಅದನ್ನು ಹಳೆಯ ಸಾಮಾನೆಂದು ಹೊರಹಾಕಲಾಗದು. ಪೂಜ್ಯವೆಂದು ಕಟ್ಟಿಯೂ ಇಡಲಾಗದು. ಓದಬಲ್ಲವರನ್ನು ಕರೆದು ಎದುರಿನಲ್ಲಿಯೇ ಬಿಚ್ಚಿಸಿ, ಛಾಯಾಚಿತ್ರ ತೆಗೆಯಿಸಿ, ಮರಳಿ ಸುತ್ತಿ ಅಲ್ಲಿಯೇ ಇಡಬಹುದು. ಮನೆಯ ವಸ್ತು ಮನೆಯಲ್ಲಿಯೇ ಉಳಿಯುವುದು. ತಮ್ಮ ಕಟ್ಟಿನಲ್ಲಿ ಗೆದ್ದಲು ತಿಂದು ಹೋದ ಓಲೆಗಳೇ ಹೆಚ್ಚೆಂದು ಕೆಲವರು ಹಿಂಜರಿಯುವರು. ಪಾಲ್ಕಿಗುಂಡಿನ ಲಿಪಿಯೂ ಹಾಗೆಯೇ ಮಳೆಗಾಳಿಗೆ ಸವೆದು ಅಲ್ಲೊಂದು ಇಲ್ಲೊಂದು ಅಕ್ಷರವಾಗಿ ಉಳಿದಿದೆ. ಆ ಅಕ್ಷರಗಳು ಯಾವ ಮಾತಿನವೆಂಬುದನ್ನು ವಿದ್ವಾಂಸರು ತಿಳಿದುಕೊಂಡದ್ದು, ಸವೆಯದೆ ಉಳಿದಿದ್ದ ಗವಿಮಠದ ಬಂಡೆಯನ್ನು ಪಕ್ಕದಲ್ಲಿಟ್ಟು ಓದಿ.