ವಿದ್ಯಾಸ್ಥಾನದ ವರಣ

ಆರಿಸಿಕೊಳ್ಳುವವನು ತಾನು ಆರಿಸುವ ವಸ್ತುವಿನ ಗುಣಾಗುಣಗಳನ್ನು ಬಲ್ಲವನಾಗಿರಬೇಕೆಂಬುದು ಲೋಕವ್ಯವಹಾರದ ಸಾಮಾನ್ಯ ನಿಯಮವು. ಬಟ್ಟೆಯನ್ನು ಕೊಳ್ಳುವವನು ನೂಲನ್ನೂ ನೇಯ್ಗೆಯನ್ನೂ ನೋಡುವನು. ಎತ್ತನ್ನು ಕೊಳ್ಳುವವನು ಹಲ್ಲನ್ನೂ ಸುಳಿಯನ್ನೂ ಪರೀಕ್ಷಿಸುವನು. ವಿದ್ಯಾಸ್ಥಾನವನ್ನು ಆರಿಸತಕ್ಕ ತರುಣನ ಪಾಡು ಇವರಿಬ್ಬರ ಪಾಡಿನಂತಲ್ಲ. ಯಾವ ವಿವೇಕದಿಂದ ಒಂದು ಕಾಲೇಜಿನ ಯೋಗ್ಯತೆಯನ್ನು ಅಳೆಯಬೇಕೋ ಆ ವಿವೇಕವನ್ನು ಕೊಡಬೇಕಾದುದು ಆ ಕಾಲೇಜೇ. ಅಳೆಯುವ ಕೋಲು ಇನ್ನೂ ಕೈಗೆ ಬರುವುದಕ್ಕೆ ಮೊದಲೇ ಅಳತೆಯು ಮುಗಿಯಬೇಕಾಗಿದೆ. ಇದಲ್ಲದೆ, ಈ ಆಯ್ಕೆಯ ವೆಚ್ಚವನ್ನು ತೆರುವವನು ಬಹುಮಟ್ಟಿಗೆ ಆರಿಸಿದವನಲ್ಲ. ಆದುದರಿಂದ ಯಾವ ಕಾಲೇಜಿಗೆ ಹೋಗುವುದೆಂಬ ಪ್ರಶ್ನೆಯನ್ನು ಬರಿಯ ಅನುಕೂಲದ ಪ್ರಶ್ನೆಯೆಂದು ಬಗೆದು ಸುಮ್ಮನಾಗುವುದು ಸರಿಯಲ್ಲ. ಅದು ಧರ್ಮವಿಚಾರಕ್ಕೆ ಸೇರಿದ ವಿಷಯವು.

ಕಾಪುವಿನಿಂದ ಕಾರ್ಕಳದ ವರೆಗಿನ ಮನೆಗಳಲ್ಲಿ ಪ್ರತಿವರ್ಷವೂ, ಪದವಿಪೂರ್ವ ಪರೀಕ್ಷೆಯ ಫಲವು ಹೊರಬಿದ್ದು ಮಳೆಯು ಇನ್ನೂ ಹಿಡಿಯದಿರುವ ದಿನಗಳಲ್ಲಿ, ಈ ವಿಚಾರವು ಜಗಲಿಯ ಮೇಲೆ ನಡೆಯುತ್ತದೆ. ಪೂರ್ವದಲ್ಲಿ ಹೀಗಿರಲಿಲ್ಲ. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದಾಗ ಉಡುಪಿಯ ಕಡೆಯ ಹುಡುಗನಿಗೆ ಆರಿಸಲು ಹೆಚ್ಚೇನೂ ಇರಲಿಲ್ಲ. ಶಾಂಭವಿ, ನಂದಿನಿ, ಫಲ್ಗುಣಿಗಳನ್ನು ದಾಟಿ ಮಂಗಳೂರನ್ನು ಸೇರಬೇಕು, ಇಲ್ಲವೆ ಮನೆಯಲ್ಲಿ ಉಳಿಯಬೇಕು. ಉಡುಪಿಯಲ್ಲಿ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜು ತಲೆಯೆತ್ತಿದುದು 1949ರಲ್ಲಿ. ಹೆಣ್ಣುಮಕ್ಕಳಿಗಾದರೋ 1921ರಲ್ಲಿ ಸಂತ ಆಗ್ನೇಸ್ ಕಾಲೇಜು ಮಂಗಳೂರಿನಲ್ಲಿ ಪ್ರಾರಂಭವಾಗುವವರೆಗೆ ತಮ್ಮದೆಂಬ ಕಾಲೇಜೇ ಇರಲಿಲ್ಲ. ಈಗಿನ ಸ್ಥಿತಿಯು ತೀರ ಬೇರೆ. ಉಡುಪಿಯಲ್ಲಿ ಪೂರ್ಣಪ್ರಜ್ಞ, ಕಾರ್ಕಳದಲ್ಲಿ ಭುವನೇಂದ್ರ — ಇವೆರಡೂ 1960ರವು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿ, ಆ ಬೋಳುಗುಡ್ಡೆಯು ದೇಶದೇಶಾಂತರದ ವಿದ್ಯಾರ್ಥಿಗಳಿಗೆ ನೆಲೆಯಾಯಿತು. ಬಾವುಟಗುಡ್ಡೆಯ ಹಳೆಯ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವೆನಿಸಿದೆ; ಅದರದೇ ಇನ್ನೊಂದು ನೆಲೆಯು ನೇತ್ರಾವತಿಯ ಆಚೆ ಕೋಟೆಕಾರಿನ ಬೀರಿಯಲ್ಲಿದೆ. ಹೀಗೆ ಒಂದೇ ವಿದ್ಯಾಸಂಸ್ಥೆಯೊಳಗೂ ಊರ ನಡುವಿನ ಗುಡ್ಡೆಯೋ ಊರ ಹೊರಗಿನ ಬಯಲೋ ಎಂದು ವಿಚಾರಿಸುವ ಕಾಲವು ಬಂದಿದೆ. ದಾರಿ ಒಂದೇ ಇದ್ದಾಗ ನಡೆಯುವವನಿಗೆ ಕಾಲುನೋವು ಮಾತ್ರವಿತ್ತು. ದಾರಿಗಳು ಹಲವಾದಾಗ ತಲೆನೋವೂ ಸೇರಿತು.

ಪಟ್ಟಣದ ಆಕರ್ಷಣೆಯನ್ನು ಹಿರಿಯರು ಹಗುರಾಗಿ ಹಳಿಯುವುದುಂಟು. ಸಿನಿಮಾ, ಹೋಟೆಲು, ಸ್ನೇಹಿತರ ಗುಂಪು, ಇವಲ್ಲದೆ ಹುಡುಗನಿಗೆ ಮಂಗಳೂರಿನಲ್ಲಿ ಇನ್ನೇನಿದೆ ಎಂದು ಅವರು ಕೇಳುವರು. ಈ ಮಾತಿನಲ್ಲಿ ಅರ್ಧಸತ್ಯವಿದೆ. ಕಾಪುವಿನ ಕಡಲಂಚಿನ ಮನೆಯ ಹುಡುಗನು ಮಾರಿಗುಡಿಯ ಮುಂದೆ ನಡೆದುಹೋದರೆ ಹತ್ತು ಜನರು ಅವನನ್ನು ಅಜ್ಜನ ಹೆಸರಿನಿಂದ ಗುರುತಿಸುವರು. ಅವನು ಏನನ್ನು ಓದಿದರೂ ಇಂಥವರ ಮೊಮ್ಮಗನು ಓದಿದಂತಾಗುತ್ತದೆ. ಯಾರೂ ತನ್ನ ಅಜ್ಜನನ್ನು ಅರಿಯದ ಬೀದಿಯಲ್ಲಿ ಕೆಲವು ವರ್ಷ ನಡೆದು, ತನ್ನ ಹೆಸರಿಗೆ ತಾನೇ ಅರ್ಥವನ್ನು ಸಂಪಾದಿಸಿಕೊಳ್ಳಬೇಕೆಂಬ ಆಸೆಯು ಕ್ಷುದ್ರವಾದುದೆಂದು ಹೇಳಲಾಗದು. ಅಪರಿಚಯವೂ ಒಂದು ಪಾಠವೇ. ಆದರೆ ಈ ಆಸೆಯು ತನ್ನ ನಿಜವಾದ ಹೆಸರಿನಿಂದ ಜಗಲಿಯ ಮಾತಿಗೆ ಬರುವುದು ಅಪರೂಪ. ಅದು ‘ಅಲ್ಲಿ ಒಳ್ಳೆಯ ಲೆಕ್ಚರರುಗಳಿದ್ದಾರೆ’, ‘ಅಲ್ಲಿ ಕಂಪೆನಿಗಳವರು ಬಂದು ಕೆಲಸ ಕೊಡುತ್ತಾರೆ’ ಎಂಬ ವೇಷಗಳನ್ನು ಹಾಕಿಕೊಂಡು ಬರುತ್ತದೆ. ವೇಷವು ಸುಳ್ಳೆಂದಲ್ಲ, ಒಳಗಿರುವವನು ಬೇರೆ ಎಂದಷ್ಟೆ. ಯಕ್ಷಗಾನವನ್ನು ನೋಡಿ ಬೆಳೆದ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವೇಷವನ್ನು ಕಳಚುವ ಉಪಾಯವೊಂದನ್ನು ಹೇಳಿದವನು, ವಿಚಿತ್ರವೆಂಬಂತೆ, ಯೇಸುಸಭೆಯ ಸ್ಥಾಪಕನಾದ ಇಗ್ನೇಷಿಯಸ್ ಲೊಯೊಲನೇ. ಅವನ ವಿದ್ಯಾರ್ಥಿಜೀವನವು ನೆನೆಯತಕ್ಕುದಾಗಿದೆ. 1521ರ ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಕುಂಟನಾದ ಈ ಸೈನಿಕನು ಮೂವತ್ತು ದಾಟಿದ ಮೇಲೆ ಬಾರ್ಸಿಲೋನದಲ್ಲಿ ಸಣ್ಣ ಹುಡುಗರ ಸಾಲಿನಲ್ಲಿ ಕುಳಿತು ಲ್ಯಾಟಿನ್ ವ್ಯಾಕರಣವನ್ನು ಕಲಿತನು. ಅಲ್ಕಲ, ಸಲಮಂಕ ಎಂಬ ಎರಡು ವಿಶ್ವವಿದ್ಯಾನಿಲಯಗಳನ್ನು ಹೊಕ್ಕು, ಎರಡರಲ್ಲಿಯೂ ಧರ್ಮಾಧಿಕಾರಿಗಳ ವಿಚಾರಣೆಗೆ ಗುರಿಯಾಗಿ ಹೊರಬಿದ್ದು, 1528ರಲ್ಲಿ ಪ್ಯಾರಿಸ್ಸಿಗೆ ಬಂದನು. ಅವಸರದಿಂದ ಕಲಿತುದು ನಿಲ್ಲದೆಂದು ಕಂಡು ಅಲ್ಲಿ ಮತ್ತೆ ಮೊದಲಿನಿಂದ ಓದತೊಡಗಿದನು. ಇದ್ದ ಹಣವನ್ನು ಜೊತೆಯವನೊಬ್ಬನ ಕೈಯಲ್ಲಿಡಲು ಅವನು ಅದನ್ನು ಖರ್ಚುಮಾಡಿಬಿಟ್ಟನು. ಬಳಿಕ ರಜೆಯ ದಿನಗಳಲ್ಲಿ ಫ್ಲಾಂಡರ್ಸಿನ ಸ್ಪೇನ್ ವರ್ತಕರಲ್ಲಿಗೆ ಹೋಗಿ ಬೇಡಿ ತಂದು ಓದಬೇಕಾಯಿತು. ವಾರಾನ್ನವನ್ನುಂಡು ಓದಿದವರ ನೆನಪು ಇನ್ನೂ ಮಾಸದಿರುವ ಉಡುಪಿಯ ಓದುಗರಿಗೆ ಈ ಚಿತ್ರವು ಹೊಸದಲ್ಲ.

ಪ್ಯಾರಿಸ್ಸಿನ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವನ ಕೋಣೆಯ ಜೊತೆಗಾರರಾಗಿ ದೊರೆತವರು ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್. ಇವರ ಸ್ನೇಹದಿಂದ ಮುಂದೆ 1540ರಲ್ಲಿ ಪೋಪರ ಮನ್ನಣೆಯನ್ನು ಪಡೆದ ಯೇಸುಸಭೆಯು ಹುಟ್ಟಿತು. ಝೇವಿಯರನು 1542ರಲ್ಲಿ ಇದೇ ಪಡುಗಡಲಿನ ದಂಡೆಯ ಗೋವೆಗೆ ಬಂದಿಳಿದನು. ಯಾವ ವಿದ್ಯಾರ್ಥಿಯೂ ಕಾಲೇಜಿನ ವಿವರಪತ್ರಿಕೆಯನ್ನು ನೋಡಿ ತನ್ನ ಕೋಣೆಯ ಜೊತೆಗಾರನನ್ನು ಆರಿಸಲಾರನು. ಹಾಗಿದ್ದರೂ ಇಗ್ನೇಷಿಯಸನ ಪಾಲಿಗೆ ಮೂರು ವಿಶ್ವವಿದ್ಯಾನಿಲಯಗಳ ವಿದ್ಯೆಗಿಂತ ಆ ಒಂದು ಕೋಣೆಯ ಸಹವಾಸವೇ ಹಿರಿದಾಯಿತೆನ್ನಬೇಕು. ಕಾಲೇಜಿನಲ್ಲಿ ದೊರೆಯತಕ್ಕವುಗಳಲ್ಲಿ ಬೆಲೆಯುಳ್ಳದ್ದು ಆಯ್ಕೆಯ ಕೈಗೆ ಸಿಕ್ಕದಿರುವುದು ಹೆಚ್ಚು. ಸಂತ ಅಲೋಶಿಯಸ್ ಕಾಲೇಜಿಗೆ ಕೇವಲ ಇಂಗ್ಲಿಷಿನ ಆಸೆಯಿಂದ ಹೋದ ಎಷ್ಟೋ ಹುಡುಗರಿಗೆ ಅಲ್ಲಿ ಮುಳಿಯ ತಿಮ್ಮಪ್ಪಯ್ಯನವರಿಂದ ಪಂಪನ ದರ್ಶನವಾಗಿರಬೇಕು. ‘ನಾಡೋಜ ಪಂಪ’ವನ್ನು ಬರೆದ ಪಂಡಿತರು ಪಾದ್ರಿಗಳ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿರುವರೆಂಬುದು ಯಾರ ಎಣಿಕೆಯಲ್ಲಿದ್ದೀತು!

ಇರಲಿ. ಇಗ್ನೇಷಿಯಸನ ಉಪಾಯವಿದು. ಆರಿಸುವಾಗ ಮನುಷ್ಯನು ಸಾಧನವನ್ನು ಸಾಧ್ಯವೆಂದು ಭ್ರಮಿಸುವನೆಂದು ಅವನ ಮೊದಲ ಎಚ್ಚರಿಕೆ. ಮೊದಲು ಪದವಿಯೋ ಸಂಪತ್ತೋ ಬೇಕೆಂದು ನಿಶ್ಚಯಿಸಿ, ಅನಂತರ ಅದರಿಂದ ದೇವರ ಸೇವೆಯನ್ನು ಮಾಡುವೆನೆನ್ನುವವನು ದೇವರನ್ನೇ ತನ್ನ ಇಚ್ಛೆಯ ಬಳಿಗೆ ಎಳೆದುತರುವವನು. ಮೊದಲು ಮಂಗಳೂರು, ಆಮೇಲೆ ಅಲ್ಲಿ ದೊರೆಯುವ ಯಾವುದಾದರೊಂದು ವಿದ್ಯೆ ಎಂಬ ಕ್ರಮವೂ ಇದೇ ಜಾತಿಯದು. ಕಠೋಪನಿಷತ್ತಿನ ಯಮನು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿ ತೋರಿಸಿದನು; ಪ್ರೇಯಸ್ಸು ಶ್ರೇಯಸ್ಸಿನ ಬಟ್ಟೆಯನ್ನುಟ್ಟು ಬರುವಾಗ ಗುರುತಿಸುವುದು ಹೇಗೆಂಬುದಕ್ಕೆ ಇಗ್ನೇಷಿಯಸನು ಒಂದು ಪರೀಕ್ಷೆಯನ್ನು ಕೊಡುತ್ತಾನೆ. ನೀನು ಎಂದೂ ಕಂಡರಿಯದ ಮನುಷ್ಯನೊಬ್ಬನು ಇದೇ ಸಂದಿಗ್ಧದಲ್ಲಿ ಸಿಲುಕಿ ನಿನ್ನ ಸಲಹೆಯನ್ನು ಬೇಡುತ್ತಾನೆಂದು ಭಾವಿಸು. ಅವನಿಗೆ ಏನನ್ನು ಹೇಳುವೆಯೋ ಅದನ್ನೇ ನೀನು ಮಾಡು. ಮರಣಸಮಯದಲ್ಲಿ ನಿಂತು ಹಿಂದಿರುಗಿ ನೋಡಿದರೆ ಯಾವ ಆಯ್ಕೆಯು ನಿನಗೆ ಸಮ್ಮತವಾದೀತೆಂದು ಕೇಳಿಕೊಳ್ಳೆಂಬುದು ಅದರ ಜೊತೆಯ ಇನ್ನೊಂದು ಪರೀಕ್ಷೆ. ಹದಿನೆಂಟರ ಹರೆಯದವನಿಗೆ ಎರಡನೆಯದು ಹಿಡಿಸದು. ಮೊದಲನೆಯದನ್ನು ಯಾರೂ ಮಾಡಿನೋಡಬಹುದು.

ಬದಲಿಸಬಹುದಾದ ಆಯ್ಕೆ, ಬದಲಿಸಲಾಗದ ಆಯ್ಕೆ ಎಂಬ ಭೇದವನ್ನೂ ಅವನು ಮಾಡಿದನು. ಕಾಲೇಜು ಬದಲಿಸಬಹುದಾದ ವರ್ಗಕ್ಕೆ ಸೇರಿದುದು. ಮೂರು ಊರುಗಳನ್ನು ಸುತ್ತಿದ ಅವನೇ ಸಾಕ್ಷಿ. ಕೋಟದ ಶಿವರಾಮ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ನಡುವೆಯೇ ಬಿಟ್ಟುಬಿಟ್ಟರು. ಆದರೂ ನಮ್ಮ ಮನೆಗಳಲ್ಲಿ ಕಾಲೇಜಿನ ನಿಶ್ಚಯವು ಮದುವೆಯ ನಿಶ್ಚಯದಂತೆ ನಡೆಯುತ್ತದೆ. ಫೀಸು ಕಟ್ಟಿಯಾಯಿತು, ಇನ್ನು ಮಾತಿಲ್ಲ ಎಂಬ ಭಾವದಿಂದ ತನಗೊಗ್ಗದ ವಿದ್ಯೆಯಲ್ಲಿ ಮೂರು ವರ್ಷ ಕೊರಗುವ ಹುಡುಗರಿದ್ದಾರೆ. ತಪ್ಪು ಹಣದ್ದು; ದಂಡ ಕೊಡುವುದು ಆಯುಷ್ಯ.

ಸಂತ ಅಲೋಶಿಯಸ್ ಕಾಲೇಜಿನ ಇಗರ್ಜಿಯ ಮಾಡಿನಲ್ಲಿ, ಹತ್ತೊಂಬತ್ತನೆಯ ಶತಮಾನವು ಮುಗಿಯುವ ಕಾಲಕ್ಕೆ, ಇಟಲಿಯ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರನು ಬಿಡಿಸಿದ ಚಿತ್ರಗಳಿವೆ. ಅವು ಆ ಕಾಲೇಜಿಗೆ ಹೆಸರಾದ ಅಲೋಶಿಯಸ್ ಗೊನ್ಸಾಗನ ಜೀವನವನ್ನು ತೋರಿಸುತ್ತವೆ. 1568ರಲ್ಲಿ ಕಸ್ತಿಲ್ಯೋನೆಯ ಪ್ರಭುವಿನ ಹಿರಿಯ ಮಗನಾಗಿ ಹುಟ್ಟಿದ ಈತನು ತಂದೆಯ ಕೋಪತಾಪಗಳಿಗೆ ಜಗ್ಗದೆ, ಸಂಸ್ಥಾನದ ಹಕ್ಕನ್ನು ತಮ್ಮನಿಗೆ ಬರೆದುಕೊಟ್ಟು ಯೇಸುಸಭೆಯನ್ನು ಸೇರಿದನು. ರೋಮಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆಗೆ ನಿಂತು 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆಯವರ ಮಾತನ್ನು ಮೀರಿ ತನ್ನ ದಾರಿಯನ್ನು ಹಿಡಿಯಬಯಸುವ ತರುಣನು ಈ ಚಿತ್ರಗಳಲ್ಲಿ ತನಗೆ ಬೆಂಬಲವಿದೆಯೆಂದು ತಿಳಿಯಬಹುದು. ತಿಳಿಯುವ ಮೊದಲು ಒಂದು ಲೆಕ್ಕವನ್ನು ನೋಡುವುದು ಲೇಸು. ಅಲೋಶಿಯಸನ ಆಯ್ಕೆಯಿಂದ ಅವನ ತಮ್ಮನಿಗೆ ಒಂದು ಸಂಸ್ಥಾನವು ದಕ್ಕಿತು. ಈಗಿನ ಆಯ್ಕೆಯಿಂದ ತಮ್ಮನಿಗೋ ತಂಗಿಗೋ ಏನು ಉಳಿಯುತ್ತದೆ?

ಕಾರ್ಕಳದ ಸಮೀಪದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗದ್ದೆ ಸ್ವಲ್ಪ, ಅಡಿಕೆ ಸ್ವಲ್ಪ; ಸೋದರಮಾವನ ಮಾತಿಗೆ ಈಗಲೂ ತೂಕವಿರುವ ಕುಟುಂಬ. ಮಗನು ವಾಣಿಜ್ಯಶಾಸ್ತ್ರವನ್ನು ಓದಲು ಮಂಗಳೂರಿನ ಗುಡ್ಡೆಯ ಕಾಲೇಜೇ ಆಗಬೇಕೆಂದು ಹಟ ಹಿಡಿದಿದ್ದಾನೆ. ಹಾಸ್ಟೆಲಿನ ವೆಚ್ಚ ಬೇರೆ. ಒಂದು ವರ್ಷ ಕಿರಿಯಳಾದ ಮಗಳಿಗೆ ಭೌತಶಾಸ್ತ್ರದಲ್ಲಿ ಆಸಕ್ತಿ. ಅಂಕಗಳೂ ಅಣ್ಣನಿಗಿಂತ ಮಿಗಿಲು. ಇಬ್ಬರನ್ನೂ ಪಟ್ಟಣದಲ್ಲಿರಿಸಿ ಓದಿಸುವ ಶಕ್ತಿ ಮನೆಗಿಲ್ಲ. ವಾಣಿಜ್ಯಶಾಸ್ತ್ರವು ಕಾರ್ಕಳದಲ್ಲಿಯೇ ದೊರೆಯುತ್ತದೆ. ಹುಡುಗನು ಇಗ್ನೇಷಿಯಸನ ಪರೀಕ್ಷೆಗೆ ನಿಂತು, ಕಾಣದ ಮನುಷ್ಯನೊಬ್ಬನು ತನ್ನ ಬಳಿಗೆ ಬಂದಂತೆ ಕಲ್ಪಿಸುತ್ತಾನೆ. ‘ವಿದ್ಯಾಕಾಂಕ್ಷಿ, ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹೋಗಲೋ ಬೇಡವೋ?’ ಉತ್ತರವು ಸಿದ್ಧವಾಗಿದೆ: ಹೋಗು. ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ ಕಾಣುತ್ತದೆ.

ಇಲ್ಲಿ ಕೆಲವರು ಇಗ್ನೇಷಿಯಸನನ್ನೇ ದೂರುವರು. ಅಪರಿಚಿತನಿಗೆ ತಾಯಿಯಿಲ್ಲ, ತಂಗಿಯಿಲ್ಲ, ಸಾಲವಿಲ್ಲ. ಋಣಗಳಿಲ್ಲದವನಿಗೆ ಹೇಳಿದ ಬುದ್ಧಿಯು ಋಣವಂತನಿಗೆ ಹೇಗೆ ಒಪ್ಪೀತು ಎನ್ನುವರು. ಆಕ್ಷೇಪವು ಬಲವಾದುದೇ. ಆದರೆ ಅಪರಿಚಿತನಿಗೆ ತಂಗಿಯಿಲ್ಲದಂತೆ ಮಾಡಿದವನು ಕಲ್ಪಿಸಿದ ಹುಡುಗನೇ ಹೊರತು ಇಗ್ನೇಷಿಯಸನಲ್ಲ. ‘ತಂಗಿಯೊಬ್ಬಳಿದ್ದಾಳೆ, ನನಗಿಂತ ಚುರುಕು, ಹಣ ಒಬ್ಬರಿಗೆ ಮಾತ್ರ ಸಾಕು, ನನ್ನ ವಿದ್ಯೆ ಮನೆಯ ಬಾಗಿಲಲ್ಲಿಯೇ ಸಿಕ್ಕುತ್ತದೆ’ ಎಂದು ಆ ಕಾಣದ ಮನುಷ್ಯನು ಎಲ್ಲವನ್ನೂ ಬಿಚ್ಚಿ ಹೇಳಿದ್ದರೆ, ಹುಡುಗನ ಬಾಯಿಂದ ಬರುವ ಸಲಹೆಯೇ ಬೇರೆಯಾಗುತ್ತಿತ್ತು. ಪರೀಕ್ಷೆಯು ಸೋಲುವುದು ಪ್ರಶ್ನೆಯನ್ನು ಮೊಟಕುಮಾಡಿದಲ್ಲಿ. ಮನುಷ್ಯನು ಬುದ್ಧಿಪೂರ್ವಕವಾಗಿ ಸುಳ್ಳು ಹೇಳದೆಯೂ ತನ್ನನ್ನು ವಂಚಿಸಿಕೊಳ್ಳುವ ಸುಲಭವಾದ ದಾರಿಯಿದು.

ಇಷ್ಟಕ್ಕೆ, ಹತ್ತಿರದ ಕಾಲೇಜೇ ಧರ್ಮ, ದೂರದ್ದು ಚಾಪಲ್ಯ ಎಂಬ ನಿರ್ಣಯವು ಹೊರಡದು. ಮನೆಯ ಮಗಳ ವಿಷಯದಲ್ಲಿ ಸೋದರಮಾವನು ಆಡುವ ಮಾತು ವಾಚಕರಿಗೆ ಪರಿಚಿತವಾದುದೇ: ‘ಅವಳಿಗೆ ಇಲ್ಲೇ ಸಾಕಲ್ಲ ಅಕ್ಕ, ಹೆಣ್ಣುಹುಡುಗಿ.’ ಅಣ್ಣನು ಕಾರ್ಕಳದಲ್ಲಿ ಉಳಿದರೆ ತ್ಯಾಗವೆಂದು ಊರು ಹೊಗಳೀತು. ಅದೇ ಕಾಲೇಜಿನಲ್ಲಿ ತಂಗಿಯು ಉಳಿದರೆ ಅದಕ್ಕೆ ಯಾವ ಹೆಸರೂ ಇಲ್ಲ, ಅದು ಸಹಜವೆನಿಸಿಕೊಳ್ಳುತ್ತದೆ. ಒಂದೇ ಕಟ್ಟಡ, ಒಂದೇ ಬೆಂಚು. ಒಬ್ಬನಿಗೆ ತಾನಾಗಿ ಕೊಟ್ಟುದು, ಇನ್ನೊಬ್ಬಳಿಂದ ಕೇಳದೆ ಕಿತ್ತುಕೊಂಡುದು. ಬಿಡುವ ಹಕ್ಕಿಲ್ಲದವರು ಬಿಟ್ಟುದನ್ನು ತ್ಯಾಗವೆಂದು ಕರೆಯಲಾಗದು. ಅಲೋಶಿಯಸನು ಬಿಟ್ಟುದು ತನ್ನ ಸಂಸ್ಥಾನವನ್ನು. ತಮ್ಮನ ಪಾಲನ್ನು ಬಿಟ್ಟು ಯಾರೂ ಸಂತರಾಗಿಲ್ಲ.

ಮಣಿಪಾಲದ ಮಾತನ್ನು ಇಲ್ಲಿ ನೆನೆಯಬೇಕು. ಡಾಕ್ಟರ್ ಟಿ. ಎಂ. ಎ. ಪೈಗಳು ಸ್ಥಾಪಕರಲ್ಲೊಬ್ಬರಾಗಿ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಹಾಕಿಸಿತು. ಎರಡಾಣೆಯನ್ನು ಎಣಿಸಿ ಕೊಟ್ಟವರಲ್ಲಿ ಮೀನು ಮಾರುವ ಹೆಂಗಸರೂ ಬೀಡಿ ಕಟ್ಟುವ ಹೆಂಗಸರೂ ಎಷ್ಟೋ ಮಂದಿ. ಅವರು ಯಾವ ಕಾಲೇಜನ್ನೂ ಆರಿಸಿದವರಲ್ಲ. ವಿದ್ಯಾರ್ಥಿಯು ಪಟ್ಟಣಕ್ಕೆ ಹೋಗಬೇಕೆಂಬ ನಿಯಮವನ್ನು ತಿರುವಿ, ವಿದ್ಯೆಯನ್ನೇ ಗುಡ್ಡೆಗೆ ಕರೆತಂದ ಪೈಗಳ ಸಾಹಸವನ್ನು ಹೊಗಳುವವರು ಆ ಹೆಂಗಸರ ಹೆಣ್ಣುಮಕ್ಕಳು ಎಲ್ಲಿ ಓದಿದರೆಂದೂ ಒಮ್ಮೆ ಕೇಳಬೇಕು. ಗುಡ್ಡೆಯು ಹತ್ತಿರ ಬಂದರೂ ಫೀಸಿನ ದೂರವು ಹಾಗೆಯೇ ಇರಬಹುದು.

ಕಾರ್ಕಳದ ಆ ಮನೆಯಲ್ಲಿ ಅರ್ಜಿಯನ್ನು ತುಂಬಿಸಲು ಇನ್ನೂ ಕೆಲವು ದಿನಗಳಿವೆ. ಮಗನ ಅಂಕಪಟ್ಟಿಯು ಜಗಲಿಯ ಮೇಜಿನ ಮೇಲಿದೆ. ಎಲ್ಲರೂ ಅದನ್ನು ನೋಡಿಯಾಯಿತು. ಮಗಳ ಅಂಕಪಟ್ಟಿಯು ಬರುವ ವರ್ಷದ್ದು. ಆಗ ಪೆಟ್ಟಿಗೆಯಲ್ಲಿ ಎಷ್ಟು ಹಣವಿರುತ್ತದೆಂಬುದು ಈ ವಾರದಲ್ಲಿ ನಿಶ್ಚಯವಾಗಲಿದೆ. ಮಾವನು ತಾಯಿಯನ್ನು ಕೇಳಿದ್ದಾನೆ, ತಾಯಿಯು ಮಗನನ್ನು ಕೇಳಿದ್ದಾಳೆ. ಒಳಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರುವವಳನ್ನು ಹೊರಗೆ ಕರೆದು, ‘ನಿನಗೆ ಎಲ್ಲಿ ಓದಬೇಕೆಂದಿದೆ ಮಗಾ?’ ಎಂದು ಇನ್ನೂ ಯಾರೂ ಕೇಳಿಲ್ಲ.