ಒಂದು ಗುಂಟೆ ಎರಡಾಗುವ ಬಗೆ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ, ತಲೆಮಾರುಗಳು ಕಣ್ಣಿಂದ ಕಂಡು ಕೈಯಿಂದ ಮಾಡಿ ಗಳಿಸಿದ ತಿಳಿವಳಿಕೆಯೂ ವಿದ್ಯೆಯೇ ಎಂದು ಸಾರುತ್ತದೆ. ಮುಷ್ಟಿ ಮಣ್ಣು ಹಿಡಿದು ಹದ ಹೇಳುವ ರೈತನ ಜ್ಞಾನ ಪೂರ್ತಿ ಅನುಭವದ್ದು. ಅಂಥ ಊರಿನ ಹೊಲದಲ್ಲೇ ನಿಂತು ಅದಕ್ಕೆ ತೀರ ಎದುರಾದ ಪ್ರಶ್ನೆಯೊಂದನ್ನು ಕೇಳಬೇಕೆನಿಸುತ್ತದೆ: ನೋಡದೆ, ಮುಟ್ಟದೆ, ಬರೀ ಯೋಚನೆಯಿಂದಲೇ ತಿಳಿಯುವಂಥದ್ದು ಏನಾದರೂ ಇದೆಯೇ?

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಸರಿಯಾಗಿ ಎರಡು ಗುಂಟೆಯ ಚೌಕ ಬೇಕಾದರೆ ಬದುವಿನ ಉದ್ದ ಎಷ್ಟಿರಬೇಕು? ಇಮ್ಮಡಿ, ಅಂದರೆ 66 ಅಡಿ ಎಂದು ಬಾಯಿಗೆ ಬರುತ್ತದೆ. ಹಾಗೆ ಮಾಡಿದರೆ ನಾಲ್ಕು ಗುಂಟೆಯಾಗುತ್ತದೆ. ಒಂದೂವರೆ ಪಟ್ಟು ಮಾಡಿದರೆ ಎರಡೂಕಾಲು ಗುಂಟೆ. ಅದೂ ತಪ್ಪು. ಈಗ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಚೌಕ ಬರೆದು, ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆಯಿರಿ. ಚೌಕ ಎರಡು ಸಮ ತ್ರಿಕೋನಗಳಾಯಿತು. ಆ ಓರೆಗೆರೆಯನ್ನೇ ಬದುವಾಗಿಸಿಕೊಂಡು ಹೊಸ ಚೌಕ ಬರೆದರೆ ಅದರೊಳಗೆ ಅಂಥವೇ ನಾಲ್ಕು ತ್ರಿಕೋನಗಳು ಕೂರುತ್ತವೆ. ಎರಡು ಸೇರಿದರೆ ಒಂದು ಗುಂಟೆ, ನಾಲ್ಕು ಸೇರಿದರೆ ಎರಡು. ಮುಗಿಯಿತು.

ಟೇಪು ಹಿಡಿದರೆ ಆ ಗೆರೆ 46 ಅಡಿ 8 ಇಂಚಿನ ಆಸುಪಾಸು ಬರುತ್ತದೆ. ಆಸುಪಾಸು ಮಾತ್ರ, ಏಕೆಂದರೆ ಯಾವ ಭಿನ್ನರಾಶಿಯಲ್ಲೂ ಅದು ಪೂರ್ತಿ ಹಿಡಿಸುವುದಿಲ್ಲ. ಟೇಪಿಗೆ ಸಿಗದ ನಿಖರತೆ ಬುದ್ಧಿಗೆ ಸಿಕ್ಕಿತು. ಇದು ಗೊಟಗೋಡಿಯ ಹೊಲಕ್ಕಷ್ಟೇ ಅಲ್ಲ, ಎಲ್ಲ ಚೌಕಕ್ಕೂ ನಿಜವೆಂದು ಇನ್ನೊಂದು ಚೌಕ ಅಳೆಯದೆಯೇ ನಮಗೆ ಗೊತ್ತು. ಇಲ್ಲಿ ನಾನು ಬೆರಗಾಗುತ್ತೇನೆ.

ಇದೇ ಲೆಕ್ಕವನ್ನು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋನ ‘ಮೆನೊ’ ಸಂವಾದದಲ್ಲಿ ಸಾಕ್ರಟೀಸ್ ಒಬ್ಬ ಗುಲಾಮ ಹುಡುಗನ ಮುಂದೆ ಇಡುತ್ತಾನೆ. ಕಲಿಸದೆ, ಬರೀ ಪ್ರಶ್ನೆ ಕೇಳುತ್ತ ಉತ್ತರಕ್ಕೆ ತಂದು ನಿಲ್ಲಿಸುತ್ತಾನೆ. ಜ್ಞಾನ ಒಳಗೇ ಇತ್ತು ಎಂಬುದು ಅವನ ವಾದ. ಎರಡು ಸಾವಿರ ವರ್ಷಗಳ ಮೇಲೆ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ಈ ಎಳೆಯನ್ನು ಮತ್ತೆ ಹಿಡಿದ. 1641ರ ಅವನ ಪುಸ್ತಕದಲ್ಲಿ ಜೇನುಮೇಣದ ತುಂಡೊಂದು ಬರುತ್ತದೆ. ಬೆಂಕಿಯ ಬಳಿ ಇಟ್ಟೊಡನೆ ಅದರ ಬಣ್ಣ, ವಾಸನೆ, ಗಟ್ಟಿತನ, ಆಕಾರ ಎಲ್ಲ ಹೋಗುತ್ತವೆ. ಆದರೂ ಅದೇ ಮೇಣ ಎನ್ನುತ್ತೇವೆ. ಹಾಗೆ ಹೇಳಿದ್ದು ಕಣ್ಣಲ್ಲ, ಬುದ್ಧಿ ಎಂದ ಅವನು. ಅವನ ನಂತರದ ತತ್ತ್ವಜ್ಞಾನಿಗಳಾದ ಸ್ಪಿನೋಜಾ, ಲೈಬ್ನಿಜ್ ಇದೇ ದಾರಿಯವರು.

ಬುದ್ಧಿಯಿಂದಲೇ ಜ್ಞಾನ ಸಿಗುತ್ತದೆಂಬ ಈ ನಿಲುವನ್ನು ಕನ್ನಡದಲ್ಲಿ ವಿಚಾರವಾದ ಎನ್ನುತ್ತೇವೆ; ಗೊಂದಲ ಹುಟ್ಟುವುದೂ ಅಲ್ಲೇ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅವರನ್ನು ನಾವು ವಿಚಾರವಾದಿ ಎಂದು ಗೌರವಿಸುತ್ತೇವೆ. ಆದರೆ ಕಣ್ಣೆದುರು ಮಾಡಿ ತೋರಿಸಿ ಎಂಬ ಅವರ ಪಟ್ಟು ತತ್ತ್ವಶಾಸ್ತ್ರದ ಭಾಷೆಯಲ್ಲಿ ಅನುಭವವಾದಕ್ಕೇ ಹತ್ತಿರ. ಡೆಕಾರ್ಟನ ವಿಚಾರವಾದ ಬೇರೆ.

ನಮ್ಮ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಬುದ್ಧಿ, ಅನುಭವ ಎರಡನ್ನೂ ಬೇರ್ಪಡಿಸಲಿಲ್ಲ. ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ ಎಂದು ಅನುಮಾನ, ಅಂದರೆ ತರ್ಕದ ತೀರ್ಮಾನ, ಕಟ್ಟುವಾಗ ಅಡುಗೆಮನೆಯ ಉದಾಹರಣೆ ಕೊಡಲೇಬೇಕೆಂದರು. ಹೊಗೆ ಬೆಂಕಿಗಳನ್ನು ಜೊತೆಯಲ್ಲಿ ಕಂಡ ಒಲೆಯಿಲ್ಲದೆ ಆ ತರ್ಕ ನಿಲ್ಲುವುದಿಲ್ಲ. ಚಾರ್ವಾಕರಿಗೆ ಅದೂ ಸಾಲಲಿಲ್ಲ. ಪ್ರತ್ಯಕ್ಷ ಬಿಟ್ಟು ಅರಿವಿಗೆ ಬೇರೆ ಪ್ರಮಾಣವೇ ಇಲ್ಲವೆಂದರು.

ಮಳೆ ಯಾವಾಗ ಬರುತ್ತದೆ, ಹತ್ತಿಗೆ ಯಾವ ರೋಗ ಬಿದ್ದಿದೆ ಎಂಬುದನ್ನು ಬರೀ ಬುದ್ಧಿ ಹೇಳಲಾರದು. ಡೆಕಾರ್ಟ್ ಅದರಿಂದಲೇ ಇಡೀ ಜಗತ್ತನ್ನು ಕಟ್ಟಹೊರಟ. ಗ್ರಹಗಳು ಸುಳಿಗಳಲ್ಲಿ ತಿರುಗುತ್ತವೆ ಎಂಬ ಅವನ ಸಿದ್ಧಾಂತ ನ್ಯೂಟನ್‌ನ ಮುಂದೆ ನಿಲ್ಲಲಿಲ್ಲ. ಆದರೆ ಹೊಲದ ಓರೆಗೆರೆ ಇಂದಿಗೂ ಅಲ್ಲಾಡಿಲ್ಲ. ಏನಿದೆ ಎಂಬುದನ್ನು ಕಣ್ಣು ಹೇಳುತ್ತದೆ. ಹೀಗೇ ಇರಬೇಕು, ಬೇರೆ ಥರ ಇರಲಾಗದು ಎಂಬುದನ್ನು ಬುದ್ಧಿಯೇ ಹೇಳಬೇಕು.

ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಇಂದು ಸಂಜೆ ಅಂಗಳದಲ್ಲಿ ಒಂದು ಚೌಕ ಬರೆದು, ಇದರ ಎರಡರಷ್ಟು ದೊಡ್ಡದನ್ನು ಬರೆ ಎಂದು ಹೇಳಿ. ತಪ್ಪಿದರೆ ಇನ್ನೊಂದು ಪ್ರಶ್ನೆ ಕೇಳಿ, ಉತ್ತರ ಮಾತ್ರ ಹೇಳಿಕೊಡಬೇಡಿ.