ಮನೆಯೊಳಗಿನ ತೋಟ ಮತ್ತು ಶ್ರಾವಕನ ಪರಿಮಾಣ

ನಮ್ಮ ಸಮಾಜದ ತರುಣರೊಬ್ಬರು ಇತ್ತೀಚೆಗೆ ತಮ್ಮ ಹೊಸ ಮನೆಯ ನಕ್ಷೆಯನ್ನು ತಂದು ತೋರಿಸಿದರು. ಗಾಜಿನ ಗೋಡೆಗಳು, ನಡುಮನೆಯಲ್ಲಿ ಕೊಳ, ಮಹಡಿಯವರೆಗೆ ಏರುವ ಬಳ್ಳಿಗಳು, ಮೆಟ್ಟಿಲ ಬುಡದಲ್ಲಿ ಮಳೆಕಾಡಿನ ಗಿಡಗಳು. "ಹಸಿರನ್ನು ಮನೆಯೊಳಕ್ಕೆ ಕರೆಯುವುದೂ ಜೀವದಯೆಯೇ ಅಲ್ಲವೆ?" ಎಂದು ಕೇಳಿದರು. ಆದರೆ ಅದೇ ನಿವೇಶನದಲ್ಲಿ ಬೆಳೆದು ನಿಂತಿದ್ದ ಹಲಸಿನ ಮರಕ್ಕೆ ನಕ್ಷೆಯಲ್ಲಿ ಸ್ಥಳವಿರಲಿಲ್ಲ.

ವನಸ್ಪತಿಯು ಏಕೇಂದ್ರಿಯ ಜೀವ. ಗೃಹಸ್ಥನು ಸ್ಥಾವರ ಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರನು. ಆದುದರಿಂದಲೇ ಅವನದು ಅಣುವ್ರತ. ಆದರೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕಡಿಯುವುದು ಇವನ್ನು ಪ್ರಮಾದಚರ್ಯೆ ಎಂದು ಎಣಿಸಿದ್ದಾರೆ. ಪರಿಗ್ರಹಗಳ ಪಟ್ಟಿಯಲ್ಲಿಯೂ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ, ಬೆಳ್ಳಿಬಂಗಾರಕ್ಕಿಂತ ಮೊದಲು ಬರುತ್ತವೆ.

ಮನೆಯೊಳಗಿನ ತೋಟದ ಜಮಾಖರ್ಚನ್ನು ನೋಡೋಣ. ಬಿಸಿಲು ಸಾಲದ ಕಡೆ ಗಿಡ ಬದುಕಲು ಹಗಲೆಲ್ಲ ದೀಪ ಉರಿಯಬೇಕು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಎಲೆಗೆ ಕೀಟ ಹತ್ತುತ್ತದೆ. ಕೂಡಲೇ ಔಷಧಿಯ ಸಿಂಪಡಣೆ. ಅಲ್ಲಿ ಸಾಯುವವು ತ್ರಸಜೀವಗಳು. ಇದು ಅಡುಗೆಮನೆಯಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯಲ್ಲ, ಬೇಸಾಯಗಾರನ ಉದ್ಯೋಗೀ ಹಿಂಸೆಯೂ ಅಲ್ಲ. ತಿಳಿದೂ ತಿಳಿದೂ ಬರಿಯ ಅಂದಕ್ಕಾಗಿ ಕೊಲ್ಲುವುದು ಸಂಕಲ್ಪೀ ಹಿಂಸೆಗೆ ಎಷ್ಟು ದೂರ? ಶ್ರಾವಕನು ಎಲ್ಲಕ್ಕಿಂತ ಮೊದಲು ತ್ಯಜಿಸಬೇಕಾದುದು ಅದನ್ನೇ.

ಇನ್ನು ನೀರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿಯು, ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ವ್ರತವು ಹೇಳಿದ್ದನ್ನು ನಾವು ಕೇಳದಿದ್ದಾಗ ದಂಡವು ಹೇಳಬೇಕಾಯಿತು.

ಹಾಗಾದರೆ ಹಸಿರೇ ಬೇಡವೆ? ಹಾಗಲ್ಲ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ಗರ್ ಕೌಫ್‌ಮನ್ ಎಂಬ ವರ್ತಕನಿಗಾಗಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ರೂಪಿಸಿದ 'ಫಾಲಿಂಗ್‌ವಾಟರ್' ಈ ಬಗೆಯ ಮನೆಗಳಲ್ಲಿ ಲೋಕಪ್ರಸಿದ್ಧ. ಜಲಪಾತದ ಮೇಲೆಯೇ ನಿಂತಿರುವ ಆ ಮನೆಯೊಳಗೆ ಮೂಲದ ಬಂಡೆಯು ನೆಲದಿಂದ ತಲೆಯೆತ್ತಿದೆ. ಮರವೊಂದಕ್ಕೆ ಎಡೆಮಾಡಿಕೊಡಲು ಕಾಂಕ್ರೀಟ್ ತೊಲೆಯನ್ನೇ ಬಾಗಿಸಲಾಯಿತು. ಅದೂ ಭೋಗದ ಮನೆಯೇ, ಸಂದೇಹವಿಲ್ಲ. ಆದರೆ ಅಲ್ಲಿ ಮರಕ್ಕಾಗಿ ಮನೆ ಬಾಗಿತು. 1963ರಲ್ಲಿ ಆ ವರ್ತಕನ ಮಗ ಮನೆಯನ್ನೂ ಸುತ್ತಲ ಭೂಮಿಯನ್ನೂ ಪ್ರಕೃತಿ ಸಂರಕ್ಷಣೆಯ ಸಂಸ್ಥೆಯೊಂದಕ್ಕೆ ದಾನವಾಗಿತ್ತನು. ಪರಿಗ್ರಹವು ತ್ಯಾಗದಲ್ಲಿ ಕೊನೆಗೊಂಡಿತು.

ನಮ್ಮ ಹಿರಿಯರ ತೊಟ್ಟಿಮನೆಗಳೂ ಆಕಾಶವನ್ನು ಒಳಗೆ ಕರೆದಿದ್ದವು. ಗಾಳಿ, ಬೆಳಕು, ಮಳೆ ತಾವಾಗಿ ಬರುತ್ತಿದ್ದವು, ತಾವಾಗಿ ಹೋಗುತ್ತಿದ್ದವು. ಯಾರೂ ಅವನ್ನು ಕೂಡಿಹಾಕಲಿಲ್ಲ.

ಆ ತರುಣರಿಗೆ ಹೇಳಿದ್ದನ್ನು ಅತಿಥಿಗೃಹ ಕಟ್ಟಿಸುವ ಬಸದಿಗಳ ಟ್ರಸ್ಟುಗಳಿಗೂ ವಿನಯದಿಂದ ಹೇಳಬಯಸುತ್ತೇನೆ: ಇರುವ ಮರವನ್ನು ಉಳಿಸಿರಿ, ಅಂಗಳವನ್ನು ಬಾನಿಗೆ ತೆರೆಯಿರಿ, ಮಳೆಯ ನೀರನ್ನು ಹಿಡಿದಿಡಿರಿ. ಪರಿಮಾಣವ್ರತ ಮೊದಲು, ನಕ್ಷೆ ಆಮೇಲೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲ್ ತೆಗೆದುಕೊಂಡು ನಕ್ಷೆಯಲ್ಲಿ ಹಲಸಿನ ಮರವಿರುವ ಸ್ಥಳದಲ್ಲಿ ಒಂದು ವೃತ್ತ ಬರೆದರು.